ಹಿಮ್ಮಡಿ ತುಳಿದ ಜೋಡು

ಮರಾಠಿ ನಾಡಿನ ಖಡಕಿ ಬಜಾರಿನಲ್ಲಿ ಒಂದು ಕಡೆ ಸಮವಸ್ತ್ರ ಹೊಲಿಯುವ ದರ್ಜಿಯ ಅಂಗಡಿ, ಇನ್ನೊಂದು ಕಡೆ ಸ್ಟೀಲ್ ಪಾತ್ರೆಯ ಅಂಗಡಿ. ಇವೆರಡರ ನಡುವಿನ ಆರಡಿ ಅಗಲದ ಜಾಗದಲ್ಲಿ ಕಾಂತಪ್ಪ ಮೂವತ್ತೊಂದು ವರ್ಷದಿಂದ ಕೂತಿದ್ದಾನೆ. ಊರು ಅಥಣಿ ಕಡೆಯದು, ಕಸುಬು ಜೋಡು ಹೊಲಿಯುವುದು. ದಿನವಿಡೀ ಬರುವುದೆಲ್ಲ ಹರಿದ ಚಪ್ಪಲಿ, ಕಿತ್ತ ಅಟ್ಟೆ, ಕೆಟ್ಟ ಜಿಪ್ಪು. ಹೊಟ್ಟೆ ನಡೆಯುವುದು ಅದರಿಂದಲೇ. ಆದರೆ ತಿಂಗಳಿಗೆ ನಾಲ್ಕಾರು ಮಂದಿ ಹೊಸ ಜೋಡು ಹೊಲಿಸಲು ಬರುತ್ತಾರಲ್ಲ, ಅವರ ಪಾದವನ್ನು ರಟ್ಟಿನ ಮೇಲೆ ಇಡಿಸಿ ಸುತ್ತಲೂ ಪೆನ್ಸಿಲ್ ಎಳೆಯುವಾಗ ಕಾಂತಪ್ಪನ ಮುಖ ನೋಡಬೇಕು. ಮೊಮ್ಮಗನನ್ನು ಎತ್ತಿಕೊಂಡ ಅಜ್ಜನೂ ಅಷ್ಟು ಹಿಗ್ಗಲಾರ.

ಹಿಗ್ಗಿನ ಜೊತೆಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ? ತನ್ನ ಕೈಯ ಹೊಲಿಗೆ ಬಿಚ್ಚಿತೆಂದು ಇವತ್ತಿನವರೆಗೆ ಯಾರೂ ಬಂದಿಲ್ಲ ಎಂದು ಅವನು ಹೇಳುವನು. ಬಂದು ಹೇಳುವ ಧೈರ್ಯ ಯಾರಿಗಿದೆ ಎಂದು ಅವನ ಹೆಂಡತಿ ಭೀಮವ್ವ ಹೇಳುವಳು. ಎರಡೂ ನಿಜವೇ.

ಇಂಥ ಮನುಷ್ಯನ ಅಂಗಡಿಯನ್ನು ಮಗಳು ರೇಣು ಹೋದ ವರ್ಷ ಫೋನಿನ ನಕಾಶೆಯೊಳಗೆ ಸೇರಿಸಿದ್ದಳು. ಅವಳು ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಂಥದ್ದರಲ್ಲೆಲ್ಲ ಚುರುಕು. ಹನ್ನೊಂದು ಜನ ಐದೈದು ನಕ್ಷತ್ರ ಕೊಟ್ಟು ಹೊಗಳಿದ್ದರು. ಅವಳು ಮಧ್ಯಾಹ್ನ ಊಟಕ್ಕೆ ಬಂದಾಗ ಅದನ್ನು ಓದಿ ಹೇಳುವುದು, ಕಾಂತಪ್ಪ ಕೇಳಿಸಿಕೊಂಡೂ ಕೇಳಿಸದವನ ಹಾಗೆ ರೊಟ್ಟಿ ಮುರಿಯುವುದು, ಮನೆಯ ರೂಢಿಯಾಗಿಬಿಟ್ಟಿತ್ತು. ಒಂದು ಸೋಮವಾರ ಮಾತ್ರ ರೇಣು ಫೋನು ನೋಡಿದವಳೇ ಅದನ್ನು ಬೋರಲು ಹಾಕಿದಳು.

“ಯಾಕ, ಇವತ್ತ ಯಾರೂ ಬರದಿಲ್ಲೇನು?” ಎಂದ ಕಾಂತಪ್ಪ.

“ಬರದಾರ. ಅಂಥಾದ್ದೇನಿಲ್ಲ ಬಿಡಪ್ಪಾ.”

“ಓದು.”

ಅಪ್ಪನ ‘ಓದು’ ಎನ್ನುವ ದನಿ ರೇಣುವಿಗೆ ಗೊತ್ತಿತ್ತು. ಓದಿದಳು. ನಕ್ಷತ್ರ ಒಂದೇ. ಬರೆದವನು ಶ್ರೀನಾಥ್. ‘ಸ್ಲಿಪ್‌ಶಾಡ್ ಕೆಲಸ. ಒಂದೇ ತಿಂಗಳಿಗೆ ಶೂವಿನ ಹಿಂಭಾಗ ಮುರಿದುಹೋಯಿತು.’ ಕೆಲಸ, ತಿಂಗಳು, ಮುರಿಯಿತು ಎಂಬುದನ್ನೆಲ್ಲ ಕನ್ನಡದಲ್ಲಿ ಹೇಳಿ, ಮೊದಲನೆಯ ಶಬ್ದವನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟಳು.

“ಅದೇನದು, ಸ್ಲಿಪ್‌ಶಾಡ್?”

“ಅಂದ್ರ... ಅಷ್ಟ ಚಲೋ ಇಲ್ಲ ಅಂತ.”

“ಅಷ್ಟ ಚಲೋ ಇಲ್ಲ ಅನ್ನಾಕ ನಿಮ್ಮ ಇಂಗ್ಲೀಷಿನಾಗ ಸರಳ ಮಾತಿಲ್ಲೇನು? ನನ್ನ ಮುಂದ ಸುಳ್ಳ ಹೇಳಬ್ಯಾಡ.”

ರೇಣು ತಲೆ ತಗ್ಗಿಸಿದಳು. “ಅಡ್ನಾಡಿ ಕೆಲಸ ಅಂತಪ್ಪಾ. ಮನಸ್ಸಿಲ್ಲದ, ಹೆಂಗರ ಮಾಡಿ ಒಗದಿದ್ದು.”

ಕಾಂತಪ್ಪ ಕೈ ತೊಳೆದುಕೊಂಡ. ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಉಳಿದಿತ್ತು. ಶ್ರೀನಾಥ್ ಅವನಿಗೆ ಚೆನ್ನಾಗಿ ನೆನಪಿದ್ದ. ಊರಿನ ಇನ್ನೊಂದು ತುದಿಯ ಮಗರಪಟ್ಟಾದಲ್ಲಿ ಆಫೀಸು ಕೆಲಸ, ಮಂಡ್ಯದ ಕಡೆಯ ಹುಡುಗ, ಬೋರ್ಡಿನ ಮೂಲೆಯಲ್ಲಿದ್ದ ನಾಲ್ಕು ಕನ್ನಡ ಅಕ್ಷರ ನೋಡಿ ಖುಷಿಯಾಗಿ ಒಳಗೆ ಬಂದಿದ್ದ. ತನ್ನ ಮದುವೆಯ ಆರತಕ್ಷತೆಗೆ ಕಂದು ಬಣ್ಣದ ಮುಚ್ಚಿದ ಜೋಡು ಬೇಕು ಎಂದು ಫೋನಿನಲ್ಲಿ ಚಿತ್ರ ತೋರಿಸಿದ್ದ. ಕಾಂತಪ್ಪ ಆ ಜೋಡಿಗೆ ಹನ್ನೆರಡು ದಿನ ತೆಗೆದುಕೊಂಡಿದ್ದ. ಹಿಮ್ಮಡಿಯ ಕಡೆ ಗಟ್ಟಿ ಹಲಗೆಯಂಥ ತೊಗಲು ಒಳಗಿಟ್ಟು, ಚಿತ್ರದಲ್ಲಿದ್ದ ಹಾಗೆಯೇ ನೆಟ್ಟಗೆ ನಿಲ್ಲಿಸಿದ್ದ. ಅದಕ್ಕೆ ಈ ಮಾತೇ?

ಊಟ ಬಿಟ್ಟು ಎದ್ದವನು ನೇರ ಅಂಗಡಿಗೆ ಹೋದ. ಗೋಡೆಗೆ ಸಾಲಾಗಿ ತೂಗುಹಾಕಿದ್ದ ಮರದ ಅಚ್ಚುಗಳನ್ನು, ಎಂದರೆ ಜೋಡು ಹೊಲಿಯುವಾಗ ಪಾದದ ಬದಲಿಗೆ ಒಳಗಿಡುವ ಆ ಮರದ ಪಾದಗಳನ್ನು, ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ತುಂಬಿದ. ಚೀಲದ ಬಾಯಿ ಕಟ್ಟಿ ಅಟ್ಟಕ್ಕೆ ನೂಕಿದ. ಹಿಂದೆಯೇ ಬಂದ ಭೀಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನಿದು ನಿಮ್ಮ ನಾಟಕ?”

“ಆ ಹುಡುಗ ಬರದಿದ್ದು ಖರೇ ಇದ್ರ ಇನ್ನ ಮ್ಯಾಲೆ ಹೊಸಾ ಜೋಡು ಹೊಲಿಯಂಗಿಲ್ಲ. ಹರದದ್ದು ಹೊಲಕೋತ ಕೂಡ್ತೀನಿ.”

“ಖರೇ ಇರದಿದ್ರ?”

“ಅದನ್ನ ನೋಡೂತನಕ ಚೀಲಾ ಇಳಿಸೂದಿಲ್ಲ.”

ಭೀಮವ್ವ ಗೋಡೆಯ ಕಡೆ ತಿರುಗಿದಳು. ಖಾಲಿ ಗೋಡೆಯ ಮೇಲೆ ಅಚ್ಚುಗಳಿದ್ದ ಕಡೆಯೆಲ್ಲ ಬಿಳಿ ಬಿಳಿ ಕಲೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಕಾಂತಪ್ಪ ಆ ಶಬ್ದವನ್ನು ರೇಣುವಿನ ಕೈಲಿ ಅಳತೆಯ ರಟ್ಟಿನ ಚೂರಿನ ಮೇಲೆ ಬರೆಸಿಕೊಂಡು ಪ್ರಲ್ಹಾದ ಮಾಸ್ತರರ ಮನೆಗೆ ಹೋದ. ಮಾಸ್ತರರು ಧಾರವಾಡದವರು, ಮೂವತ್ತನಾಲ್ಕು ವರ್ಷ ಖಡಕಿಯಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಅವರ ಬೂಟಿನ ಅಟ್ಟೆ ಬದಲಿಸಿಕೊಡುವುದು ಕಾಂತಪ್ಪನೇ. ಮಗಳು ಹೇಳಿದ ಅರ್ಥದ ಮೇಲೆ ಅವನಿಗೆ ನಂಬಿಕೆಯಿಲ್ಲದೆ ಅಲ್ಲ. ಒಬ್ಬ ಡಾಕ್ಟರ ಮಾತಿಗೆ ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇವಲ್ಲ, ಏನಾದರೂ ಕಡಿಮೆಯಾದೀತೇ ಎಂಬ ಆಸೆಯಿಂದ, ಹಾಗೆ.

ಮಾಸ್ತರರು ರಟ್ಟು ನೋಡಿದರು, ಕನ್ನಡಕ ಏರಿಸಿದರು, ನಕ್ಕರು. “ಇದನ್ನ ನಾ ಎಷ್ಟು ಹುಡುಗೂರ ನೋಟಬುಕ್ಕಿನಾಗ ಕೆಂಪು ಶಾಯಿಲೆ ಬರದೀನೋ ಲೆಕ್ಕ ಇಲ್ಲ. ಅಸ್ತವ್ಯಸ್ತ, ಅಚ್ಚುಕಟ್ಟಿಲ್ಲದ್ದು ಅಂತ ಅರ್ಥ. ನಿನಗ್ಯಾಕ ಬೇಕಾತಿದು?”

ಕಾಂತಪ್ಪ ಹೇಳಿದ. ಮಾಸ್ತರರು ನಗುವುದನ್ನು ನಿಲ್ಲಿಸಿ, ಕಪಾಟಿನಿಂದ ದಿಂಬಿನಷ್ಟು ದಪ್ಪದ ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ಬೆರಳಾಡಿಸಿದರು. ಆಮೇಲೆ ಹುಬ್ಬು ಮೇಲೇರಿತು.

“ಕಾಂತಪ್ಪಾ, ಇದು ನಿಮ್ಮ ಕಸಬಿನ ಮಾತು ಅದ!”

“ಅಂದ್ರರಿ?”

“ಎರಡು ಶಬ್ದ ಕೂಡಿ ಒಂದಾಗ್ಯಾವ. ಶಾಡ್ ಅಂದ್ರ ಜೋಡು ಮೆಟ್ಟಿದಾವ. ಕುದರಿಗೆ ಲಾಳ ಬಡದಿದ್ರೂ ಅದಕ್ಕ ಹಂಗ ಅಂತಾರ. ಸ್ಲಿಪ್ ಅಂದ್ರ ಸಡಲಾಗಿ ಸರಕ್ಕನೆ ಜಾರೂದು. ನಾನೂರು ವರ್ಷದ ಹಿಂದ ಇಂಗ್ಲೀಷರೊಳಗ ಮನಿಯೊಳಗಿನ ಸಡಲು ಚಪ್ಪಲಿ ಹಾಕ್ಕೊಂಡು ಬೀದಿಗೆ ಬಂದಾವಗ ಸ್ಲಿಪ್‌ಶಾಡ್ ಅಂತಿದ್ರು. ಮುಂದ ಹಿಮ್ಮಡಿ ತುಳದು ಸವೆದ ಬೂಟು ಎಳಕೋತ ನಡಿಯಾವಗೂ ಅದ ಮಾತು ಬಂತು. ಅಂಥಾವ ಅಂಗಿ ಗುಂಡಿನೂ ಹಾಕಿರೂದಿಲ್ಲ, ತಲಿನೂ ಬಾಚಿರೂದಿಲ್ಲ ಅಂತ ಅವರ ವಿಚಾರ. ಆಮ್ಯಾಲೆ ಯಾವದ ಕೆಲಸ ನೆಟ್ಟಗಿರದಿದ್ರೂ ಅದ ಶಬ್ದ.”

ಕಾಂತಪ್ಪ ಕೆಳಗೆ ಕೂತವನು ಸುಮ್ಮನೆ ಬಾಗಿಲ ಕಡೆ ನೋಡಿದ. ಹೊಸ್ತಿಲ ಹೊರಗೆ ಮಾಸ್ತರರ ಬೂಟು ಬಿದ್ದಿದ್ದವು. ಎರಡರ ಹಿಮ್ಮಡಿಯೂ ಒಳಕ್ಕೆ ಮಡಚಿ ಚಪ್ಪಟೆಯಾಗಿತ್ತು. ಮಾಸ್ತರರೂ ಅತ್ತ ನೋಡಿ ನಿಘಂಟನ್ನು ಮುಚ್ಚಿದರು.

“ನನ್ನ ಬೂಟಿನ ಮಾತು ಬ್ಯಾಡ” ಎಂದರು.

“ಮಾಸ್ತರ್ರ, ಹಂಗಾದ್ರ ಈ ಮಾತು ಮೊದಲ ಕಾಲಿಗಿ ಬಂದಿದ್ದು, ಆಮ್ಯಾಲೆ ಕೆಲಸಕ್ಕ ಹತ್ತಿದ್ದು. ಹೌದಿಲ್ರಿ?”

“ಹೌದು.”

“ಆ ಹುಡುಗನ ಜೋಡಿನ ಹಿಮ್ಮಡಿ ನೋಡಬೇಕ್ರಿ ನಾನು.”

ಮಾಸ್ತರರ ಮನೆಯ ಮೆಟ್ಟಿಲಿಳಿಯುವಾಗ ಕಾಂತಪ್ಪನ ನಡಿಗೆಯೇ ಬೇರೆಯಾಗಿತ್ತು. ತುಳಿದಿದ್ದಾನೆ, ಖಂಡಿತ ತುಳಿದಿದ್ದಾನೆ. ತುಳಿದು ಮುರಿದು, ಮುರಿದದ್ದನ್ನು ನನ್ನ ತಲೆಗೆ ಕಟ್ಟಿದ್ದಾನೆ. ಶ್ರೀನಾಥನಿಗೆ ಫೋನು ಮಾಡಿ, ಜೋಡು ನೋಡಲು ಬರುತ್ತೇನೆಂದು ವಿಳಾಸ ಕೇಳಿದ. ಹುಡುಗ ಬೇಡ ಬೇಡವೆಂದರೂ ಬಿಡಲಿಲ್ಲ. ಭಾನುವಾರದ ತನಕ ನಾಲ್ಕು ದಿನ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದುದನ್ನು ಕಂಡ ಪಕ್ಕದ ಮುದುಕಿ, ಯಾವ ಜಪ ಎಂದು ಮರಾಠಿಯಲ್ಲಿ ಕೇಳಿದಳಂತೆ.

ಶ್ರೀನಾಥನ ಮನೆ ಒಂಬತ್ತನೆಯ ಮಹಡಿ. ಬಾಗಿಲ ಹೊರಗೆ ಜೋಡಿನ ಕಪಾಟು, ಅದರ ಕೆಳಗೇ ಕಾಂತಪ್ಪ ಹೊಲಿದ ಕಂದು ಜೋಡು. ಬಾಗಿ ಕೈಗೆತ್ತಿಕೊಂಡ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ, ಅಟ್ಟೆ ಕಲ್ಲಿನ ಹಾಗಿತ್ತು. ಹಿಮ್ಮಡಿ ಮಾತ್ರ ಎರಡು ಕಡೆಯೂ ನೆಲಕಚ್ಚಿತ್ತು. ಒಳಗಿನ ಗಟ್ಟಿ ತೊಗಲು ಅಡ್ಡಡ್ಡ ಮುರಿದು ಹೊರಬಂದಿತ್ತು. ಅವನ ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಯಿತು.

ಬಾಗಿಲು ತೆರೆದವರು ಶ್ರೀನಾಥನ ತಾಯಿ ತಾಯಮ್ಮ. ಮಗನ ಹೊಸ ಸಂಸಾರ ಹೂಡಿಕೊಡಲು ಮಂಡ್ಯದಿಂದ ಬಂದಿದ್ದರು. “ಓ, ಶೂ ಹೊಲ್ದವ್ರಾ? ಬನ್ನಿ ಬನ್ನಿ, ಒಳ್ಗೆ ಬನ್ನಿ. ಅವ್ನು ಸ್ನಾನಕ್ಕೆ ಹೋಗವ್ನೆ.”

ಕಾಂತಪ್ಪನಿಗೆ ಇದು ಹೊಸದು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮನೆಗಳ ಬಾಗಿಲ ತನಕ ಹೋಗಿದ್ದ, ಒಳಗೆ ಕರೆದವರು ಬೆರಳೆಣಿಕೆ. ಆದರೂ ಇವತ್ತು ಜಗಳಕ್ಕೆ ಬಂದವನು ಒಳಗೆ ಹೋಗಿ ಕೂತರೆ ಮಾತು ಮೆತ್ತಗಾದೀತು ಎಂದು, “ಇಲ್ಲೇ ಆರಾಮ ಅದೀನ್ರಿ ಅವ್ವಾರ” ಎಂದ. ಅವರು ಹೊರಗೇ ಒಂದು ಕುರ್ಚಿ ಹಾಕಿಸಿದರು. ಹಾಗಾಗಿ ಕಾಂತಪ್ಪ ಆ ಜೋಡಿನ ಪಕ್ಕದಲ್ಲೇ ಕೂತ.

ಸ್ನಾನ ಮುಗಿಸಿ ಬಂದ ಶ್ರೀನಾಥ್ ಕಾಂತಪ್ಪನನ್ನು ನೋಡಿ ಕೆಂಪಗಾದ. “ಅಂಕಲ್, ಸಾರಿ, ನೀವು ಇಲ್ಲೀವರ್ಗೂ... ಒಂದ್ನಿಮಿಷ, ಬಂದೆ” ಎಂದವನನ್ನು ಅಷ್ಟರಲ್ಲಿ ತಾಯಿ ಕರೆದರು. ಎದುರು ಮನೆಯವರು ಪಾಯಸ ಕೊಟ್ಟ ಡಬ್ಬಿ ಹಿಂದಿರುಗಿಸಬೇಕು. ಶ್ರೀನಾಥ್ ಕಂದು ಜೋಡಿಗೆ ಮುಂಗಾಲು ತುರುಕಿ, ಹಿಮ್ಮಡಿಯ ಮೇಲೆ ನಿಂತು, ಟಪ ಟಪ ಎದುರು ಬಾಗಿಲಿಗೆ ಹೋದ. ಅಲ್ಲಿ ಬಿಟ್ಟ. ಒಳಗೆ ಹೋದ. ಬಂದ, ತುಳಿದ, ಈಚೆ ಬಂದು ಬಿಟ್ಟ. ಹೆಂಡತಿ ಇಂಪನಾ ಕಸದ ಚೀಲ ಕೊಟ್ಟಳು. ತುಳಿದ, ಹೋದ, ಬಂದ, ಬಿಟ್ಟ. ಪಾರ್ಸಲಿನವನು ಲಿಫ್ಟಿನ ಹತ್ತಿರ ನಿಂತು ಕೂಗಿದ. ಆಮೇಲೆ ಗಂಡಹೆಂಡತಿ ಇಬ್ಬರೂ ಕೆಳಗಿನ ಗಣಪತಿ ಗುಡಿಗೆ ಹೂವು ಕೊಟ್ಟು ಬರಬೇಕಾಯಿತು. ಕಾಂತಪ್ಪ ಬೆರಳ ಗೆಣ್ಣುಗಳಲ್ಲಿ ಎಣಿಸಿಕೊಂಡ. ಗುಡಿಯ ಹೊಸ್ತಿಲನ್ನೂ ಸೇರಿಸಿದರೆ ಅರ್ಧ ಗಂಟೆಯಲ್ಲಿ ಆ ಕಾಲು ಆ ಜೋಡಿನೊಳಗೆ ಆರು ಸಲ ಹೋಗಿ ಆರು ಸಲ ಹೊರಗೆ ಬಂದ ಲೆಕ್ಕ.

“ಅಲ್ರಿ ಅವ್ವಾರ, ಹವಾಯಿ ಚಪ್ಪಲ ಅಲ್ಲೇ ಅದಾವಲ್ರಿ? ಅವನ್ನ ಹಾಕ್ಕೋಬಾರದ?” ಎಂದು ಕೇಳಿದ.

“ಅಯ್ಯೋ, ಹೊಸ ಮದ್ವೆ ಗಂಡು ಹವಾಯಿ ಚಪ್ಲೀಲಿ ಓಡಾಡಿದ್ರೆ ನೋಡ್ದೋರು ಏನಂದ್ಕೊಂಡಾರು? ನಾನೇ ಬೇಡ ಅಂದಿದೀನಿ” ಎಂದರು ತಾಯಮ್ಮ. “ಈ ತಿಂಗ್ಳೆಲ್ಲ ಊಟಕ್ಕೆ ಕರ್ದಿದ್ದೇ ಕರ್ದಿದ್ದು. ಕಾತ್ರಜದಲ್ಲಿ ನಮ್ಮಣ್ಣನ ಮಗಳು, ಇಲ್ಲಿ ಅವ್ನ ಆಫೀಸ್ನೋರು, ಒಂದೇ ದಿನ ಆರು ಮನೆ ಹೋಗಿದೀವಿ. ಎಲ್ಲೋದ್ರೂ ಇದೇ ಶೂ.”

ಗುಡಿಯಿಂದ ಬಂದ ಶ್ರೀನಾಥ್ ಗೋಡೆಗೆ ಒರಗಿ ನಿಂತ. “ಬೇರೆ ಎರಡು ಜೊತೆ ಇದೆ ಅಂಕಲ್. ಆದ್ರೆ ಇದು ಹಾಕ್ಕೊಂಡ್ಮೇಲೆ ಅವು ಹಾಕಕ್ಕೇ ಮನಸ್ಸು ಬರಲ್ಲ. ಅಷ್ಟು ಕಂಫರ್ಟಬಲ್. ಅದಕ್ಕೇ ಹಿಂದ್ಗಡೆ ಮುರಿದಾಗ ತಡ್ಕೊಳಕ್ಕಾಗ್ಲಿಲ್ಲ. ಸಿಟ್ಟಲ್ಲಿ ಬರೆದುಬಿಟ್ಟೆ.”

ನಾಲ್ಕು ದಿನದಿಂದ ಹೊಂದಿಸಿಟ್ಟುಕೊಂಡಿದ್ದ ಮಾತು ಕಾಂತಪ್ಪನ ಬಾಯಲ್ಲೇ ತಣ್ಣಗಾಯಿತು. ಆದರೂ ಅಷ್ಟು ದೂರ ಹೊತ್ತು ತಂದದ್ದನ್ನು ಹಾಗೇ ವಾಪಸು ಒಯ್ಯುವುದಕ್ಕೆ ಮನಸ್ಸು ಬರಲಿಲ್ಲ. ಮಾಸ್ತರರು ಹೇಳಿದ್ದನ್ನೆಲ್ಲ ಹೇಳಿದ. “ಹಿಮ್ಮಡಿ ತುಳದು ಜೋಡು ಎಳಕೋತ ನಡಿಯಾವಗ ಇಂಗ್ಲೀಷರು ಆ ಮಾತ ಅಂತಿದ್ರಂತ ನೋಡ್ರಿ” ಎಂದು ಮುಗಿಸಿದಾಗ, ಗಂಡನ ಕಾಲು ನೋಡಿ ಮೊದಲು ನಕ್ಕವಳು ಇಂಪನಾ. ಶ್ರೀನಾಥ್ ನಾಚಿ ತಲೆ ಕೆರೆದುಕೊಂಡ.

“ಹಂಗಾದ್ರೆ ತಪ್ಪು ನಂದೇ. ಇವತ್ತೇ ಅದನ್ನ ಡಿಲೀಟ್ ಮಾಡ್ತೀನಿ.”

ಇದನ್ನು ಕೇಳಲೆಂದೇ ಕಾಂತಪ್ಪ ಬಂದಿದ್ದು. ಕೇಳಿದ ಮೇಲೆ ಹಿಗ್ಗಬೇಕಿತ್ತು. ಆದರೆ ಅವನ ಕಣ್ಣು ಆ ಹೊಸ್ತಿಲ ಪಕ್ಕ ಬಿಟ್ಟಿದ್ದ ತನ್ನ ಚಪ್ಪಲಿಯ ಮೇಲೆ ನಿಂತುಬಿಟ್ಟಿತ್ತು. ಅಪ್ಪ ಹೊಲಿಯುತ್ತಿದ್ದಂಥದೇ ಅಥಣಿ ಚಪ್ಪಲಿ. ಅದಕ್ಕೆ ಹಿಮ್ಮಡಿಯೇ ಇಲ್ಲ. ಹುಟ್ಟಿದಾಗಿನಿಂದ ಅವನು ಮೆಟ್ಟಿದ್ದು ಅದನ್ನೇ. ಎಷ್ಟು ಸಲ ಬಿಟ್ಟು ಎಷ್ಟು ಸಲ ಮೆಟ್ಟಿದರೂ ಅದಕ್ಕೇನೂ ಆಗುವುದಿಲ್ಲ.

“ತಡೀ ತಮ್ಮಾ” ಎಂದ. “ಹಿಮ್ಮಡಿ ಇದ್ದ ಜೋಡು ನಾ ಎಷ್ಟೋ ಹೊಲದೀನಿ. ಒಂದ ದಿನಾರ ನನ್ನ ಕಾಲಾಗ ಹಾಕಿ ನೋಡಿಲ್ಲ. ನೀ ತೋರಿಸಿದ ಚಿತ್ರದಾಗಿನ ಜೋಡು ಮುಂಜಾನೆ ಹಾಕ್ಕೊಂಡ್ರ ಸಂಜೀಕ ಬಿಚ್ಚೂ ಮಂದೀದು. ನಿಂದು ಹೊಸ್ತಿಲ ಹೊಸ್ತಿಲಿಗಿ ಬಿಚ್ಚೂ ಕಾಲು. ಬಗ್ಗಿ ಬಗ್ಗಿ ಏರಿಸ್ಕೋ ಅಂದ್ರ ಯಾರಿಗೆ ಆಗ್ತೈತಿ? ಕಾಲಿನ ಅಳತಿ ತಗೊಂಡೆ, ನೀ ಎಲ್ಲೆಲ್ಲಿ ಬಿಡ್ತಿ ಅಂತ ಕೇಳಲಿಲ್ಲ. ನೀ ಬರದ ಮಾತು ಪೂರಾ ಸುಳ್ಳಲ್ಲ.”

ಇಷ್ಟು ಹೇಳಿದ್ದಕ್ಕೆ ಕಾಂತಪ್ಪನಿಗೇ ಆಶ್ಚರ್ಯವಾಗಿತ್ತು. ಭೀಮವ್ವ ಅಲ್ಲಿ ಇದ್ದಿದ್ದರೆ ಇನ್ನೊಂದು ಸಲ ಹೇಳಿ ಎಂದು ಕೇಳುತ್ತಿದ್ದಳು. ತಾಯಮ್ಮ, “ಉಪ್ಪಿಟ್ಟು ಆರೋಯ್ತದೆ, ಈಗ್ಲಾದ್ರೂ ಒಳ್ಗೆ ಬನ್ನಿ” ಎಂದರು. ಈ ಸಲ ಅವನು ಹೋದ. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಕಾಫಿ ಕುಡಿದು, ಮುರಿದ ಜೋಡನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಖಡಕಿಗೆ ಮರಳಿದವನು ಅಂಗಡಿಯ ಅಟ್ಟದ ಚೀಲದಿಂದ ಎರಡೇ ಎರಡು ಅಚ್ಚು ತೆಗೆದ. ಚೀಲ ಅಲ್ಲೇ ಇರಲಿ, ಇದು ರಿಪೇರಿ ಎಂದು ಯಾರೂ ಕೇಳದಿದ್ದರೂ ಹೇಳಿದ. ಮುರಿದ ಹಿಮ್ಮಡಿಯನ್ನು ರಾಪಿಯಿಂದ ಕೊಯ್ದು ತೆಗೆದ. ಮೆತ್ತನೆಯ ತೊಗಲು ಇಟ್ಟ. ಅದು ಒಮ್ಮೆ ತುಳಿದರೆ ಏಳಲೇ ಇಲ್ಲ. ಗಟ್ಟಿ ತೊಗಲು ಇಟ್ಟ, ಅದು ಕಾಲಿಗೆ ದಾರಿ ಬಿಡಲಿಲ್ಲ. ಮೂರು ದಿನ ಊಟದ ತಟ್ಟೆಯ ಮುಂದೆ ಕೂತೂ ಅದೇ ಯೋಚನೆ. ನಾಲ್ಕನೆಯ ದಿನ ಅಂಗಡಿಗೆ ಬಂದ ಮುದುಕನೊಬ್ಬನ ಬಿಲ್ಲಿನಂತೆ ಬಾಗಿದ ಬೆನ್ನು ನೋಡುತ್ತಿದ್ದವನಿಗೆ, ಹಿಮ್ಮಡಿ ನೆಟ್ಟಗೇ ನಿಲ್ಲಬೇಕೆಂದು ಯಾರು ಹೇಳಿದರು ಎಂದು ಹೊಳೆಯಿತು. ಅದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದ. ತುದಿಯನ್ನು ಹೊರಕ್ಕೆ ನಾಲಗೆಯ ಹಾಗೆ ಬಿಟ್ಟ. ಎರಡು ತೆಳು ತೊಗಲನ್ನು ಒಂದರ ಮೇಲೊಂದು ಹೊಲಿದು ನಡುವೆ ಏನೂ ಇಡಲಿಲ್ಲ. ಈಗ ಪಾದ ಒಳಗೆ ಜಾರಿದರೆ ಹಿಮ್ಮಡಿ ತಾನೇ ಹಿಂದೆ ಸರಿದು ಜಾಗ ಕೊಟ್ಟು, ಮತ್ತೆ ಬಂದು ಹಿಡಿದುಕೊಳ್ಳುತ್ತಿತ್ತು. ಬಿಡುವಾಗ ಇನ್ನೊಂದು ಕಾಲಿನಿಂದ ನಾಲಗೆ ಒತ್ತಿದರೆ ಸಾಕು.

ಶ್ರೀನಾಥನ ಪಾದವೂ ಅವನ ಪಾದವೂ ಹೆಚ್ಚು ಕಡಿಮೆ ಒಂದೇ ಅಳತೆ. ಕಾಂತಪ್ಪ ಜೀವನದಲ್ಲಿ ಮೊದಲ ಸಲ ಮುಚ್ಚಿದ ಜೋಡು ಹಾಕಿಕೊಂಡು ತನ್ನ ಮನೆಯ ಹೊಸ್ತಿಲು ದಾಟಿದ. ಬಿಟ್ಟು ಒಳಗೆ ಬಂದ. ಮತ್ತೆ ಮೆಟ್ಟಿ ಹೊರಗೆ ಹೋದ. ಭೀಮವ್ವ ರೊಟ್ಟಿ ಬಡಿಯುತ್ತಾ ನೋಡುತ್ತಲೇ ಇದ್ದಳು.

“ಹುಚ್ಚ ಹಿಡದೈತೇನ್ರಿ? ಮಂದಿ ನೋಡಾಕತ್ತಾರ.”

“ಇಪ್ಪತ್ತೇಳು. ನಡುವ ಮಾತಾಡಿಸಬ್ಯಾಡ, ಲೆಕ್ಕ ತಪ್ಪತೈತಿ.”

ನೂರರ ತನಕ ಎಣಿಸಿದ. ಹಿಮ್ಮಡಿಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಕಾಂತಪ್ಪ ಏದುಸಿರು ಬಿಡುತ್ತಾ ಹೊಸ್ತಿಲ ಮೇಲೇ ಕೂತು ಹೆಂಡತಿಯನ್ನು ನೋಡಿ ನಕ್ಕ. ಅವಳೂ ನಕ್ಕಳು, ಮತ್ತು ಬಿಸಿ ರೊಟ್ಟಿಗೆ ಬೆಣ್ಣೆ ಸ್ವಲ್ಪ ಹೆಚ್ಚೇ ಹಾಕಿದಳು.

ಮುಂದಿನ ಭಾನುವಾರ ಶ್ರೀನಾಥ್ ಮತ್ತು ಇಂಪನಾ ಜೋಡು ಒಯ್ಯಲು ಬಂದರು. ಕಾಂತಪ್ಪ ಅಂಗಡಿಯಲ್ಲೇ ಶ್ರೀನಾಥನಿಗೆ ಅದನ್ನು ಹಾಕಿಸಿದ. ಆಮೇಲೆ, “ನಮ್ಮ ಮನಿ ಹಿಂದಿನ ಗಲ್ಲ್ಯಾಗ ಐತಿ. ಒಂದ ತುತ್ತು ಊಟಾ ಮಾಡಿ ಹೋಗಬೇಕು” ಎಂದ. ಕರೆಯುವಾಗ ಬರುತ್ತಾರೋ ಇಲ್ಲವೋ ಎಂಬ ಅಳುಕು ಇದ್ದೇ ಇತ್ತು. ಇಬ್ಬರೂ ಹಿಂದೆಯೇ ಹೊರಟರು.

ಬಾಗಿಲಲ್ಲಿ ಭೀಮವ್ವ, ರೇಣು ಕೈ ಮುಗಿದು ಸ್ವಾಗತಿಸುತ್ತಿದ್ದರೆ ಕಾಂತಪ್ಪ ಅತಿಥಿಗಳ ಮುಖವನ್ನೇ ನೋಡಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು. ಶ್ರೀನಾಥ್ ರೇಣುವಿನೊಡನೆ ಏನೋ ಮಾತಾಡುತ್ತಲೇ, ಬಗ್ಗದೆ, ಕೈ ಹಚ್ಚದೆ, ಒಂದು ಕಾಲಿನಿಂದ ಇನ್ನೊಂದನ್ನು ಒತ್ತಿ ಜೋಡಿನಿಂದ ಹೊರಬಂದು ಒಳಗೆ ಹೋಗಿಬಿಟ್ಟ. ತಾನು ಹೇಗೆ ಬಿಟ್ಟೆ ಎಂಬುದೂ ಅವನಿಗೆ ಗೊತ್ತಾಗಲಿಲ್ಲ. ಹೊಸ್ತಿಲ ಹೊರಗೆ ಎರಡೂ ಜೋಡು ಹಿಮ್ಮಡಿ ಎತ್ತಿಕೊಂಡು ನಿಂತಿದ್ದವು. ಕಾಂತಪ್ಪನಿಗೆ ಕಣ್ಣು ತುಂಬಿ ಬಂತು, ಸಂತೋಷಕ್ಕೇ.

ಊಟ ಭರ್ಜರಿಯಾಗಿ ಆಯಿತು. ಎಲೆ ಅಡಿಕೆ ಹಾಕಿಕೊಳ್ಳುವಾಗ ಶ್ರೀನಾಥ್ ಫೋನು ತೆಗೆದು, “ಅದನ್ನ ಇನ್ನೂ ಡಿಲೀಟ್ ಮಾಡಿಲ್ಲ ಅಂಕಲ್. ನಿಮ್ಮೆದುರೇ ಮಾಡೋಣ ಅಂತ” ಎಂದ.

“ಇರಲಿ ಬಿಡು. ಅದರ ಕೆಳಗ ಏನಾತು ಅಂತ ಬರಿ. ಓದಿದವರಿಗೆ ಪೂರಾ ತಿಳೀಲಿ.”

ಶ್ರೀನಾಥ್ ಬರೆಯುತ್ತಾ ಕೂತ. ಇಂಪನಾ ಮಾತ್ರ ಆಗಿನಿಂದಲೂ ಏನೋ ಕೇಳಬೇಕೆಂದು ತಡವರಿಸುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು. “ಅಂಕಲ್, ನಂಗೂ ಇಂಥದ್ದೇ ಒಂದು ಜೊತೆ ಹೊಲ್ಕೊಡ್ತೀರಾ?”

ರೇಣು ಅವ್ವನ ಮುಖ ನೋಡಿದಳು. ಭೀಮವ್ವ ಗಂಡನ ಮುಖ ನೋಡಿದಳು. ಕಾಂತಪ್ಪ ಯಾರ ಮುಖವನ್ನೂ ನೋಡದೆ ಎದ್ದು ಅಂಗಡಿಗೆ ಹೋದ. ಸ್ಟೂಲು ಎಳೆದು ಹತ್ತಿ ಅಟ್ಟಕ್ಕೆ ಕೈ ಹಾಕಿದ. ಸ್ವಲ್ಪ ಹೊತ್ತಿಗೆ ಮೈತುಂಬ ಧೂಳು ಮಾಡಿಕೊಂಡು, ಗೋಣಿಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಇಳಿಸಿದ. ಹೊಸ ರಟ್ಟೊಂದನ್ನು ನೆಲಕ್ಕೆ ಹಾಸಿದ. ಇಂಪನಾ ಅದರ ಮೇಲೆ ಪಾದ ಇಟ್ಟಳು.

ಕಾಂತಪ್ಪ ಪೆನ್ಸಿಲನ್ನು ಕಿವಿಯಿಂದ ತೆಗೆದ. ರಟ್ಟಿಗೆ ತಾಗಿಸಿದವನು ಗೆರೆ ಎಳೆಯದೆ ತಲೆಯೆತ್ತಿ ಕೇಳಿದ: “ದಿನಾ ಎಷ್ಟ ಹೊಸ್ತಿಲಾ ದಾಟ್ತಿ, ತಾಯಿ?”